‘ಸೂಚಿಸಲಾಯಿತು’ ಎಂಬ ಚಿಕಿತ್ಸೆ

ಕಾಲಿನ ಬೆರಳು ಕಪ್ಪಿಟ್ಟು, ರಾತ್ರಿಯೆಲ್ಲ ನಿದ್ರೆಯಿಲ್ಲದೆ ನರಳುವ ಮೂವತ್ತರ ಪ್ರಾಯದ ಕೂಲಿಕಾರನನ್ನು ನಮ್ಮ ದೊಡ್ಡ ಆಸ್ಪತ್ರೆಗಳ ಶಸ್ತ್ರವೈದ್ಯರು ಚೆನ್ನಾಗಿ ಬಲ್ಲರು. ಅವನಿಗೆ ಮಧುಮೇಹವಿಲ್ಲ, ಮುಪ್ಪಂತೂ ದೂರವೇ ಉಳಿಯಿತು. ಅಂಗಿಯ ಜೇಬಿನಲ್ಲಿ ಬೀಡಿಯ ಕಟ್ಟೊಂದಿರುತ್ತದೆ. ಈ ವ್ಯಾಧಿಯನ್ನು 1879ರಲ್ಲಿ ಆಸ್ಟ್ರಿಯಾದ ವಿನಿವಾರ್ಟರ್ ವರ್ಣಿಸಿದ. 1908ರಲ್ಲಿ ನ್ಯೂಯಾರ್ಕಿನ ಲಿಯೋ ಬರ್ಜರ್, ಕತ್ತರಿಸಿ ತೆಗೆದ ಅವಯವಗಳ ರಕ್ತನಾಳಗಳನ್ನು ಪರೀಕ್ಷಿಸಿ ಅದರ ಸ್ವರೂಪವನ್ನು ಬಿಡಿಸಿ ಹೇಳಿದ. ಅಂದಿನಿಂದ ಅದು ಬರ್ಜರನ ಕಾಯಿಲೆ.

ಕೈಕಾಲುಗಳ ಸಣ್ಣ ಮತ್ತು ಮಧ್ಯಮ ಗಾತ್ರದ ರಕ್ತನಾಳಗಳು ಉರಿಯೂತಕ್ಕೊಳಗಾಗಿ ಅವುಗಳೊಳಗೆ ರಕ್ತ ಹೆಪ್ಪುಗಟ್ಟುತ್ತದೆ. ಮೊದಲು ನಡೆದಾಗ ಪಾದದಲ್ಲಿ ನೋವು, ಆಮೇಲೆ ಕುಳಿತಲ್ಲೇ ನೋವು, ಬಳಿಕ ಮಾಯದ ಹುಣ್ಣು, ಕಡೆಗೆ ಕೊಳೆತ. ತುದಿಯ ನಾಳಗಳೇ ಮುಚ್ಚಿಹೋಗಿರುವುದರಿಂದ ಬದಲಿ ನಾಳವನ್ನು ಜೋಡಿಸುವ ಶಸ್ತ್ರಕ್ರಿಯೆಗೆ ಬಹುವೇಳೆ ಆಸ್ಪದವಿರುವುದಿಲ್ಲ. ಸೊಂಟದ ಬಳಿಯ ನರವನ್ನು ಕತ್ತರಿಸಿ ನೋವನ್ನು ಕೊಂಚ ಕಾಲ ಶಮನಗೊಳಿಸಬಹುದು. ಇಂದು ಬೆರಳು, ನಾಳೆ ಪಾದ, ಆಮೇಲೆ ಮೊಣಕಾಲಿನ ಕೆಳಭಾಗ, ಹೀಗೆ ಕತ್ತಿ ಮೇಲೇರುತ್ತದೆ.

ಅಮೆರಿಕದ ಕ್ಲೀವ್‌ಲೆಂಡ್ ಕ್ಲಿನಿಕ್ಕಿನ ವೈದ್ಯರು 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಂಬಾಕು ತೊರೆದವರಲ್ಲಿ 100ಕ್ಕೆ 94 ಮಂದಿಗೆ ಅಂಗಚ್ಛೇದನ ತಪ್ಪಿತು. ಮುಂದುವರಿಸಿದವರಲ್ಲಿ 100ಕ್ಕೆ 43 ಮಂದಿ ಒಂದಿಲ್ಲೊಂದು ಅಂಗವನ್ನು ಕಳೆದುಕೊಂಡರು. ಇಷ್ಟು ಫಲ ಕೊಡುವ ಔಷಧ ಈ ರೋಗಕ್ಕೆ ಬೇರೊಂದಿಲ್ಲ. ಆದರೂ ಈ ವಿಷಯದ ಶಸ್ತ್ರವೈದ್ಯಕೀಯ ಪ್ರಬಂಧಗಳನ್ನು ಓದುವಾಗ ಒಂದು ವ್ಯಾಕರಣ ವಿಶೇಷ ನನ್ನನ್ನು ಕಾಡುತ್ತದೆ. ಕತ್ತರಿಸಿದ್ದು, ಹೊಲಿದದ್ದು ಪುಟಗಟ್ಟಲೆ ವಿವರವಾಗಿರುತ್ತದೆ. ಧೂಮಪಾನ ಬಿಡುವಂತೆ ‘ಸೂಚಿಸಲಾಯಿತು’ ಎಂಬುದು ಒಂದೇ ವಾಕ್ಯ. ಸೂಚಿಸಿದವರಾರು, ಎಷ್ಟು ಸಲ, ಯಾವ ಭಾಷೆಯಲ್ಲಿ, ಆಮೇಲೆ ರೋಗಿಯನ್ನು ವಿಚಾರಿಸಿದವರಾರು? ಕರ್ಮಣಿ ಪ್ರಯೋಗದಲ್ಲಿ ಕರ್ತೃವಿಗೆ ಅಡಗಿಕೊಳ್ಳಲು ಬೇಕಾದಷ್ಟು ಸ್ಥಳವುಂಟು.

‘ಬಿಟ್ಟರೆ ಉಳಿಯುತ್ತಿದ್ದ, ಬಿಡಲಿಲ್ಲ’ ಎಂದು ಕೈ ತೊಳೆದುಕೊಳ್ಳುವುದು ಸುಲಭ. ಕಾಲು ಕಳೆದುಕೊಂಡ ಮೇಲೂ ಸೇದುವವರಿದ್ದಾರೆಂಬುದು ನಿಜ. ಆದರೆ ಅದನ್ನು ಹಟಮಾರಿತನವೆಂದು ಕರೆಯಲು ನಾನು ಒಪ್ಪಲಾರೆ. ಕಾಲಿಗಿಂತ ಬೀಡಿಯನ್ನು ಯಾವ ಸ್ವಸ್ಥಚಿತ್ತನೂ ಬಯಸಿ ಆರಿಸಿಕೊಳ್ಳುವುದಿಲ್ಲ. ನಿಕೋಟಿನ್ನಿನ ಹಿಡಿತವೂ ರೋಗವೇ. ಒಂದಕ್ಕೆ ಮಂಚ, ದಾದಿ, ಶಸ್ತ್ರಾಗಾರಗಳಿದ್ದು ಇನ್ನೊಂದಕ್ಕೆ ಬರಿಯ ಬುದ್ಧಿವಾದವಿದ್ದರೆ ಅದು ಅರ್ಧ ಚಿಕಿತ್ಸೆ. ದಿನಕ್ಕೆ ಒಂದೆರಡು ಸೇದಿದರೂ, ಸೇದುವ ಬದಲು ಜಗಿದರೂ ಈ ರೋಗ ಜೀವ ಹಿಡಿದಿರುತ್ತದೆ. ಆದ್ದರಿಂದ ‘ಕಡಿಮೆ ಮಾಡು’ ಎಂಬ ಸೌಮ್ಯ ಸಲಹೆಯೂ ಇಲ್ಲಿ ಕೆಲಸಕ್ಕೆ ಬಾರದು.

ನಮ್ಮ ಕರಾವಳಿಯಲ್ಲಿ ಬೀಡಿ ಕಟ್ಟುವವರು ಹೆಚ್ಚಾಗಿ ಹೆಂಗಸರು, ಸೇದುವವರು ಹೆಚ್ಚಾಗಿ ಗಂಡಸರು. ಒಬ್ಬಳ ಬೆರಳಿನ ದುಡಿಮೆ ಇನ್ನೊಬ್ಬನ ಬೆರಳನ್ನು ತಿನ್ನುತ್ತದೆ. ಆ ಹೆಂಗಸರಿಗೆ ಬೇರೆ ಜೀವನೋಪಾಯ ಕಲ್ಪಿಸುವ ಪ್ರಶ್ನೆ ದೊಡ್ಡದು. ಈ ಅಂಕಣದಲ್ಲಿ ಹಿಡಿಸಲಾರದು.

ಆಸ್ಪತ್ರೆಯ ಕೆಲಸವಾದರೋ ಅಷ್ಟು ದೊಡ್ಡದಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂಬಾಕು ಬಿಡಿಸುವ ಚಿಕಿತ್ಸೆಯಿದೆ; 2016ರಲ್ಲಿ ಆರಂಭವಾದ ರಾಷ್ಟ್ರೀಯ ಉಚಿತ ದೂರವಾಣಿ ನೆರವೂ ಇದೆ. ಶಸ್ತ್ರಚಿಕಿತ್ಸೆಯ ವಾರ್ಡಿನಿಂದ ಅಲ್ಲಿಗೆ ದಾರಿ ತೋರಿಸುವವರು ಬೇಕು. ಹೊಲಿಗೆ ಬಿಚ್ಚುವ ದಿನಾಂಕವನ್ನು ಚೀಟಿಯಲ್ಲಿ ಬರೆದುಕೊಡುವ ವೈದ್ಯರು, ತಂಬಾಕು ಬಿಡಿಸುವವರ ಬಳಿಗೆ ಹೋಗಬೇಕಾದ ದಿನಾಂಕವನ್ನೂ ಅದರ ಕೆಳಗೇ ಬರೆದು, ತಮ್ಮ ಸಹಿ ಹಾಕಲಿ.