ಹಳೇ ಕಾರು ಗಟ್ಟಿನಾ?

ಐವತ್ತರ ದಶಕದ ಅಮೆರಿಕನ್ ಕಾರು ಅಂದ್ರೆ ನಂಗೆ ಮೊದಲು ನೆನಪಾಗೋದು ೧೯೫೭ರ ಶೆವ್ರೊಲೆ ಬೆಲ್ ಏರ್. ಹಿಂದ್ಗಡೆ ಮೀನಿನ ರೆಕ್ಕೆ ಥರ ಎದ್ದು ನಿಂತ ಅಂಚುಗಳು, ಮೈತುಂಬಾ ಕ್ರೋಮ್, ಒಳಗೆ ಮೂರು ಜನ ಆರಾಮಾಗಿ ಕೂರೋ ಮುಂದಿನ ಸೀಟು. ಗುಜರಿಗೆ ಹೋಗಬೇಕಿದ್ದ ಇಂಥ ಕಾರನ್ನ ಹುಡುಕಿ ತಂದು, ಒಂದೊಂದೇ ನಟ್ಟು ಬೋಲ್ಟು ಬಿಚ್ಚಿ, ತುಕ್ಕು ತೆಗೆದು, ವರ್ಷಗಟ್ಟಲೆ ಕೂತು ಹೊಸದರ ಹಾಗೆ ಮಾಡಿ ನಿಲ್ಲಿಸೋ ಹುಚ್ಚರು ಅಲ್ಲಿ ಬೇಕಾದಷ್ಟು ಜನ ಇದಾರೆ. ಇಂಜಿನಿಯರಿಂಗ್ ಓದಿದವನಿಗೆ ಇದಕ್ಕಿಂತ ಚೆಂದದ ಹುಚ್ಚು ಇನ್ನೊಂದಿಲ್ಲ :)

ಆದ್ರೆ ಇಂಥ ಕಾರು ಕಂಡ ಕೂಡ್ಲೇ ಯಾರಾದ್ರೂ ಒಬ್ರು ಹೇಳೇ ಹೇಳ್ತಾರೆ, "ಆಗಿನ ಗಾಡಿ ಅಂದ್ರೆ ಗಟ್ಟಿ ಕಬ್ಬಿಣ ಕಣ್ರೀ, ಈಗಿನವೆಲ್ಲ ಬರೀ ತಗಡು ಡಬ್ಬ" ಅಂತ. ನಮ್ಮ ಕಡೆ ಅಂಬಾಸಿಡರ್ ಬಗ್ಗೆಯೂ ಇದೇ ಮಾತು. ನನ್ನ ತಕರಾರು ಈ ಮಾತಿನ ಮೇಲೆ.

೨೦೦೯ರಲ್ಲಿ ಅಮೆರಿಕದ ವಿಮಾ ಕಂಪನಿಗಳು ನಡೆಸೋ ಹೆದ್ದಾರಿ ಸುರಕ್ಷತಾ ಸಂಸ್ಥೆ ತನ್ನ ಐವತ್ತನೇ ವರ್ಷಕ್ಕೆ ಒಂದು ಪರೀಕ್ಷೆ ಮಾಡ್ತು. ೧೯೫೯ರ ಬೆಲ್ ಏರ್ ಮತ್ತು ೨೦೦೯ರ ಶೆವ್ರೊಲೆ ಮಾಲಿಬು, ಎರಡನ್ನೂ ಗಂಟೆಗೆ ೬೪ ಕಿ.ಮೀ. ವೇಗದಲ್ಲಿ ಎದುರುಬದುರು ಓಡಿಸಿ, ಡ್ರೈವರ್ ಕೂರೋ ಬದಿಗೆ ಗುದ್ದಿಸಿದ್ರು. ಬೆಲ್ ಏರ್‌ನಲ್ಲಿ ಜನ ಕೂರೋ ಜಾಗವೇ ಕುಸಿದು ಹೋಯ್ತು. ಬೊಂಬೆಯ ಜಾಗದಲ್ಲಿ ಮನುಷ್ಯ ಇದ್ದಿದ್ರೆ ಬದುಕೋದು ಕಷ್ಟವಿತ್ತು. ಮಾಲಿಬು ಡ್ರೈವರಿಗೆ? ಕಾಲಿಗೆ ಸಣ್ಣ ಪೆಟ್ಟು, ಅಷ್ಟೇ. "ಹಳೇ ಕಾರಿನಲ್ಲಿ ಎಂಜಿನ್ನೇ ಇರ್ಲಿಲ್ಲ, ಪೂರ್ತಿ ತುಕ್ಕು ಹಿಡಿದಿತ್ತು" ಅಂತ ಅಭಿಮಾನಿಗಳು ಜಗಳ ತೆಗೆದ್ರು. ಎಂಜಿನ್ ಇತ್ತು, ಕಾರೂ ಗಟ್ಟಿಯಾಗೇ ಇತ್ತು ಅಂತ ಸಂಸ್ಥೆ ಉತ್ತರ ಕೊಡ್ತು.

ಇದರಲ್ಲಿ ಮ್ಯಾಜಿಕ್ ಏನಿಲ್ಲ. ಡಿಕ್ಕಿಯ ಶಕ್ತಿ ಎಲ್ಲಿಗಾದ್ರೂ ಹೋಗ್ಲೇಬೇಕು. ಈಗಿನ ಕಾರಿನ ಮೂತಿ ಬೇಕಂತಲೇ ನಜ್ಜುಗುಜ್ಜಾಗಿ ಆ ಶಕ್ತಿಯನ್ನ ನುಂಗತ್ತೆ, ಜನ ಕೂತಿರೋ ಗೂಡು ಮಾತ್ರ ಗಟ್ಟಿ ನಿಲ್ಲತ್ತೆ. ಹಳೇ ಕಾರಲ್ಲಿ ಆ ಲೆಕ್ಕಾಚಾರವೇ ಇರ್ಲಿಲ್ಲ. ಬಂಪರ್ ಎಷ್ಟೇ ದಪ್ಪ ಇದ್ರೂ ಸ್ಟೀರಿಂಗಿನ ರಾಡು ಸೀದಾ ಎದೆಗೇ ಬರ್ತಿತ್ತು.

ಆ ಕಾಲದವರಿಗೆ ಗೊತ್ತಿರ್ಲಿಲ್ಲ ಅನ್ನೋ ಹಾಗೂ ಇಲ್ಲ. ೧೯೫೬ರಲ್ಲೇ ಫೋರ್ಡ್ ಸೀಟ್ ಬೆಲ್ಟನ್ನ ಹೆಚ್ಚಿನ ದುಡ್ಡಿಗೆ ಮಾರ್ತಿತ್ತು. ೧೯೫೯ರಲ್ಲಿ, ಶೆವ್ರೊಲೆಯ ರೆಕ್ಕೆಗಳು ಇನ್ನೂ ಅಗಲವಾದ ವರ್ಷವೇ, ವೋಲ್ವೋದ ನಿಲ್ಸ್ ಬೊಹ್ಲಿನ್ ಮಾಡಿದ ಮೂರು ಬಿಂದುವಿನ ಬೆಲ್ಟ್ ಕಾರಿಗೆ ಬಂತು. ಅಮೆರಿಕದಲ್ಲಿ ಸುರಕ್ಷತೆಗೆ ಕಾನೂನು ಬರೋಕೆ ೧೯೬೬ರವರೆಗೆ ಕಾಯಬೇಕಾಯ್ತು. ೧೯೫೭ರಲ್ಲಿ ಅಲ್ಲಿ ಪ್ರತಿ ಹತ್ತು ಕೋಟಿ ಮೈಲಿ ಓಡಾಟಕ್ಕೆ ಐದಕ್ಕೂ ಹೆಚ್ಚು ಜನ ಸಾಯ್ತಿದ್ರು, ೨೦೨೩ರಲ್ಲಿ ಅದು ಒಂದೂಕಾಲರ ಹತ್ತಿರ. ರಸ್ತೆ, ಆಸ್ಪತ್ರೆಗಳ ಪಾಲೂ ಇದೆ ನಿಜ, ಆದ್ರೆ ಕಾರಿನ ಪಾಲು ಸಣ್ಣದಲ್ಲ.

ಈಗ ರಿಸ್ಟೋರ್ ಮಾಡೋರ ವಿಷಯಕ್ಕೆ ಬರೋಣ. "ಕಾರ್ಖಾನೆಯಿಂದ ಹೇಗೆ ಬಂತೋ ಹಾಗೇ ಇರ್ಬೇಕು" ಅನ್ನೋದು ಕೆಲವರ ಹಟ. ಮ್ಯೂಸಿಯಮ್ಮಿನಲ್ಲಿ ನಿಲ್ಲೋ ಕಾರಿಗೆ ಈ ಹಟ ಸರಿ, ಅಲ್ಲಿ ಒಂದು ಸ್ಕ್ರೂ ಬದಲಾದ್ರೂ ನಂಗೆ ಬೇಜಾರೇ. ಆದ್ರೆ ಭಾನುವಾರ ಹೆಂಡತಿ ಮಕ್ಕಳನ್ನ ಕೂರಿಸ್ಕೊಂಡು ಹೆದ್ದಾರಿಗೆ ಇಳಿಯೋ ಕಾರಿಗೆ? ಆಗಿನ ಬ್ರೇಕಿಗೆ ಒಂದೇ ಲೈನು. ಎಲ್ಲೋ ಒಂದು ಕಡೆ ಆಯಿಲ್ ಸೋರಿದ್ರೆ ನಾಲ್ಕೂ ಚಕ್ರದ ಬ್ರೇಕ್ ಹೋಯ್ತು. ಎರಡು ಲೈನಿನ ಮಾಸ್ಟರ್ ಸಿಲಿಂಡರ್, ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್, ಸೀಟ್ ಬೆಲ್ಟ್, ಎಲ್ಲಾ ಈ ಕಾರುಗಳಿಗೆ ಹೊಂದೋ ಹಾಗೇ ಅಂಗಡೀಲಿ ಸಿಗತ್ತೆ. ಹೊರಗಿನಿಂದ ನೋಡಿದ್ರೆ ಗೊತ್ತೂ ಆಗಲ್ಲ. ತೂತು ಇದೆ ಅಂತ ಗೊತ್ತಿರೋ ಹಳೇ ಸಾಫ್ಟ್‌ವೇರನ್ನ "ಒರಿಜಿನಲ್" ಅಂತ ಹೇಳಿ ಯಾರೂ ಬ್ಯಾಂಕಲ್ಲಿ ಓಡಿಸಲ್ಲ ತಾನೇ?

ಇಷ್ಟೆಲ್ಲ ಹಾಕಿದ್ರೂ ಅದು ಮಾಲಿಬು ಆಗಲ್ಲ, ಮೈಕಟ್ಟು ಹಳೇದೇ. ಆದ್ದರಿಂದ ನಿಧಾನಕ್ಕೆ ಓಡಿಸ್ಬೇಕು. ಆ ಕಾರಿನ ಅಂದಕ್ಕೆ ನಾನೂ ಸೋತವನೇ. ಆದ್ರೆ ಅಂದ ಇದೆ ಅಂತ ಇಲ್ಲದ ಗಟ್ಟಿತನವನ್ನ ಅದರ ತಲೆಗೆ ಕಟ್ಟೋದು ಬೇಡ, ಅದನ್ನ ನಂಬಿ ಮಕ್ಕಳನ್ನ ಬೆಲ್ಟಿಲ್ಲದೆ ಕೂರಿಸೋದಂತೂ ಬೇಡವೇ ಬೇಡ. ನೀವೇನಂತೀರಿ?