‘ಎಷ್ಟು ಕೊಡುತ್ತೆ?’

ಹೊಸ ಕಾರು ಮನೆಗೆ ಬಂದರೆ ನೆಂಟರಿಷ್ಟರು ಮೊದಲು ಕೇಳೋದೇ ಈ ಪ್ರಶ್ನೆ. ಶೋರೂಮಿನಲ್ಲಿ ಹೇಳಿದ ಮೈಲೇಜ್ ಲ್ಯಾಬಿನ ಪರೀಕ್ಷೆಯಲ್ಲಿ ಬಂದದ್ದು, ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಅಲ್ಲ! ಹಾಗಾಗಿ ಸ್ವಲ್ಪ ಕಡಿಮೆ ಸಿಗೋದು ಸಹಜ. ಆದರೆ ಎಷ್ಟು ಕಡಿಮೆ ಅನ್ನೋದು ಬಹಳಷ್ಟು ನಮ್ಮ ಬಲಗಾಲಿನ ಮೇಲೇ ನಿಂತಿದೆ.

ಒಂದು ಲೆಕ್ಕ ನೋಡಿ. ತಿಂಗಳಿಗೆ 1,000 ಕಿ.ಮೀ. ಓಡಿಸುತ್ತೀರಿ ಅಂದುಕೊಳ್ಳಿ. ಲೀಟರಿಗೆ 12 ಕಿ.ಮೀ. ಸಿಕ್ಕರೆ ಸುಮಾರು 83 ಲೀಟರ್ ಬೇಕು, 15 ಸಿಕ್ಕರೆ 67 ಸಾಕು. ಲೀಟರಿಗೆ 100 ರೂಪಾಯಿ ಅಂತಿಟ್ಟುಕೊಂಡರೂ ತಿಂಗಳಿಗೆ 1,600 ರೂಪಾಯಿ ಉಳಿತಾಯ. ಇಎಂಐ ಕಟ್ಟುವವರಿಗೆ ಇದು ಸಣ್ಣ ಮೊತ್ತವೇನಲ್ಲ.

ನಾನು ಮೊದಲು ಗಮನ ಕೊಡುವುದು ಬ್ರೇಕಿಗೆ. ಪೆಟ್ರೋಲ್ ಸುಟ್ಟು ಗಳಿಸಿದ ವೇಗವೆಲ್ಲ ಬ್ರೇಕ್ ಒತ್ತಿದಾಗ ಬಿಸಿಯಾಗಿ ಹೋಗಿಬಿಡುತ್ತದೆ. ದೂರದಲ್ಲೇ ಕೆಂಪು ದೀಪ ಕಾಣುತ್ತಿದ್ದರೂ ಕೆಲವರು ಭರ್ ಅಂತ ಹೋಗಿ ಗಕ್ಕನೆ ನಿಲ್ಲಿಸುತ್ತಾರೆ. ಅದರ ಬದಲು ಮುಂದಿನ ಗಾಡಿಗೆ ಅಂತರ ಬಿಟ್ಟು, ಬೇಗನೇ ಆಕ್ಸಿಲರೇಟರ್‌ನಿಂದ ಕಾಲು ತೆಗೆದು ನೋಡಿ. ಈಗಿನ ಕಾರುಗಳಲ್ಲಿ ಗೇರಿನಲ್ಲಿದ್ದು ಹೀಗೆ ಉರುಳುವಾಗ ಎಂಜಿನ್ನಿಗೆ ಇಂಧನ ಹೋಗುವುದೇ ನಿಲ್ಲುತ್ತದೆ.

ಇದಕ್ಕೇ ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಬೇಡಿ ಅನ್ನೋದು. ಪೆಟ್ರೋಲ್ ಉಳಿಯುತ್ತೆ ಅಂತ ಎಷ್ಟೋ ಜನ ನಂಬಿದ್ದಾರೆ. ಆದರೆ ನ್ಯೂಟ್ರಲ್‌ನಲ್ಲಿ ಎಂಜಿನ್ ತಾನು ಓಡಲು ಇಂಧನ ಕುಡಿಯುತ್ತಲೇ ಇರುತ್ತದೆ. ಎಂಜಿನ್ನಿನ ಹಿಡಿತವೂ ಇರಲ್ಲ, ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ವೀಕೆಂಡ್‌ಗೆ ಚಾರ್ಮಾಡಿ, ಶಿರಾಡಿ ಘಾಟಿ ಇಳಿಯುವವರು ಇದನ್ನು ಮರೆಯಲೇಬಾರದು. ಬ್ರೇಕ್ ಕಾದು ಕೈಕೊಟ್ಟರೆ ಹೋಗುವುದು ದುಡ್ಡಷ್ಟೇ ಅಲ್ಲ.

ಹೈವೇಯಲ್ಲಿ ಶತ್ರು ಗಾಳಿ. 80ರಿಂದ 100ಕ್ಕೆ ಏರಿದರೆ ಗಾಳಿಯ ತಡೆ ಒಂದೂವರೆ ಪಟ್ಟು ದಾಟುತ್ತದೆ. 120 ಕಿ.ಮೀ. ದಾರಿಯನ್ನು ಪೂರ್ತಿ 100ರಲ್ಲೇ ಓಡಿಸಿದರೂ ಉಳಿಯೋದು 18 ನಿಮಿಷ. ಅಷ್ಟನ್ನು ದಾರಿಯಲ್ಲಿ ಮದ್ದೂರು ವಡೆ, ಕಾಫಿಗೇ ಕಳೆಯುತ್ತೇವೆ ಅಲ್ವಾ?

ಇನ್ನು ಕಾರಿನ ಆರೈಕೆ. ನನ್ನ ಪಟ್ಟಿಯಲ್ಲಿ ಇರುವುದು ಇಷ್ಟೇ:

• ಹದಿನೈದು ದಿನಕ್ಕೊಮ್ಮೆ ಟೈರ್ ಗಾಳಿ ನೋಡಿಸಿ, ಟೈರ್ ಬಿಸಿಯಾಗುವ ಮೊದಲು. ಎಷ್ಟಿರಬೇಕು ಅನ್ನೋದು ಸಾಮಾನ್ಯವಾಗಿ ಡ್ರೈವರ್ ಬಾಗಿಲಿನ ಚೌಕಟ್ಟಿನ ಸ್ಟಿಕ್ಕರ್‌ನಲ್ಲೇ ಇರುತ್ತೆ. ಗಾಳಿ ಕಡಿಮೆಯಾದರೆ ಕಾರು ಎಳೆದುಕೊಂಡು ಹೋಗಬೇಕಾಗುತ್ತದೆ, ಟೈರೂ ಬೇಗ ಸವೆಯುತ್ತೆ.

• ಸರ್ವಿಸ್ ಮುಂದೂಡಬೇಡಿ. ಮ್ಯಾನ್ಯುಯಲ್‌ನಲ್ಲಿ ಹೇಳಿದ ಗ್ರೇಡಿನ ಎಂಜಿನ್ ಆಯಿಲ್ಲೇ ಹಾಕಿಸಿ. ಸ್ಟೇರಿಂಗ್ ಒಂದು ಕಡೆ ಎಳೆಯುತ್ತಿದ್ದರೆ ವೀಲ್ ಅಲೈನ್‌ಮೆಂಟ್ ಮಾಡಿಸಿ.

• ಡಿಕ್ಕಿಯಲ್ಲಿ ತಿಂಗಳುಗಟ್ಟಲೆ ಓಡಾಡುತ್ತಿರುವ ಸಾಮಾನು ಇಳಿಸಿ. ಬಳಸದ ರೂಫ್ ಕ್ಯಾರಿಯರ್ ಬಿಚ್ಚಿಡಿ.

• ಅಪಾರ್ಟ್‌ಮೆಂಟ್ ಗೇಟಿನಲ್ಲಿ ಯಾರಿಗೋ ಕಾಯುವಾಗ ಎಂಜಿನ್ ಆಫ್ ಮಾಡಿ. ನಿಂತ ಕಾರಿನ ಮೈಲೇಜ್ ಸೊನ್ನೆ!

ಇದೆಲ್ಲ ನಿಜವಾಗಲೂ ಕೆಲಸ ಮಾಡುತ್ತಾ ಅಂತ ತಿಳಿಯಲು ನನ್ನ ಮಾತು ನಂಬಬೇಕಿಲ್ಲ. ಟ್ಯಾಂಕ್ ಫುಲ್ ಮಾಡಿಸಿ ಟ್ರಿಪ್ ಮೀಟರ್ ಸೊನ್ನೆಗೆ ತನ್ನಿ. ಮುಂದಿನ ಸಲ ಮತ್ತೆ ಫುಲ್ ಮಾಡಿಸಿದಾಗ ಓಡಿದ ಕಿಲೋಮೀಟರನ್ನು ಹಾಕಿಸಿದ ಲೀಟರಿನಿಂದ ಭಾಗಿಸಿ. ಪ್ರತಿ ಸಲವೂ ಫೋನಿನಲ್ಲಿ ಬರೆದಿಡಿ, ನಾನೂ ಹಾಗೇ ಮಾಡೋದು. ಮೂರ್ನಾಲ್ಕು ಟ್ಯಾಂಕ್ ಮುಗಿಯುವಷ್ಟರಲ್ಲಿ, ‘ಎಷ್ಟು ಕೊಡುತ್ತೆ?’ ಅಂದವರಿಗೆ ಶೋರೂಮಿನವರ ಲೆಕ್ಕ ಬಿಟ್ಟು ನಿಮ್ಮದೇ ಲೆಕ್ಕ ಹೇಳಬಹುದು.