ಬುಟ್ಟಿ ಹೊತ್ತವನ ಹೆಸರೇನು?



ಮೊನ್ನೆ ನಮ್ಮ ವಾಟ್ಸಾಪ್ ಗ್ರೂಪಿಗೆ ಯಾರೋ ರೋಮನ್ನರ ಕಾಲದ ಮೊಸಾಯಿಕ್ ಫೋಟೋಗಳನ್ನ ಹಾಕಿದ್ರು. ಬಣ್ಣದ ಕಲ್ಲುಚೂರು ಜೋಡಿಸಿ ಮಾಡಿದ ಚಿತ್ರ. ದ್ರಾಕ್ಷಿ ಕೊಯ್ಯೋರು, ಗಾಡಿ ಹೊಡೆಯೋರು, ತೊಟ್ಟಿಗಿಳಿದು ಕಾಲಲ್ಲಿ ತುಳಿದು ರಸ ತೆಗೆಯೋರು. "ಎಂಥಾ ಸುಂದರ ಹಳ್ಳಿ ಬದುಕು!" ಅಂತ ಸಾಲು ಸಾಲು ಕಮೆಂಟು.

ಚಂದ ಇದೆ, ಇಲ್ಲ ಅನ್ನಲ್ಲ. ಆದ್ರೆ ಇಂಥ ಚಿತ್ರ ಯಾರ ಮನೆಯ ನೆಲದಲ್ಲಿ ಇರ್ತಿತ್ತು? ದ್ರಾಕ್ಷಿ ತುಳಿದವನ ಗುಡಿಸಲಲ್ಲಿ ಅಲ್ಲ, ವೈನ್ ಕುಡಿದವನ ಬಂಗಲೆಯಲ್ಲಿ.

ಟ್ಯುನೀಶಿಯಾದ ಬಾರ್ಡೊ ಮ್ಯೂಸಿಯಂನಲ್ಲಿ ಕಾರ್ತೇಜಿನದ್ದೊಂದು ಮೊಸಾಯಿಕ್ ಇದೆ, ಸುಮಾರು 1600 ವರ್ಷ ಹಳೇದು. ನಡುವೆ ಒಡೆಯನ ಬಂಗಲೆ. ಒಡತಿಗೆ ಆಳೊಬ್ಬಳು ಹಾರ ಕೊಡ್ತಿದಾಳೆ. ಒಡೆಯ ಕೂತಿದಾನೆ. ಒಬ್ಬ ದ್ರಾಕ್ಷಿ ಬುಟ್ಟಿ, ಮೊಲ ತಂದು ನಿಂತಿದಾನೆ. ಇನ್ನೊಬ್ಬ ಒಡೆಯನ ಕೈಗೆ ಸುರುಳಿ ಕೊಡ್ತಿದಾನೆ. ಸುರುಳಿಯಲ್ಲಿ ಬರೆದಿರೋದು ಒಡೆಯ ಜೂಲಿಯಸ್‌ನ ಹೆಸರು. ಬುಟ್ಟಿ ತಂದವನಿಗೆ ಹೆಸರಿಲ್ಲ.

ನನಗಂತೂ ಅದರಲ್ಲಿ ನಮ್ಮ ಸಿರಸಿ, ಸಿದ್ದಾಪುರ, ಯಲ್ಲಾಪುರವೇ ಕಾಣಿಸ್ತು. ಅಡಿಕೆ ತೋಟದ ಒಡೆಯರಿಗೆ ಬ್ರಿಟಿಷರ ಕಾಲದಿಂದಲೂ ಸೊಪ್ಪಿನ ಬೆಟ್ಟದ ಸವಲತ್ತು ಇದೆ. ತೋಟದ ಗೊಬ್ಬರಕ್ಕೆ ಕಾಡಿನ ಸೊಪ್ಪು. ಅದು ಕಾಗದದಲ್ಲೂ ದಾಖಲು. ಆದ್ರೆ ಬೆಟ್ಟ ಹತ್ತಿ ಸೊಪ್ಪು ಕಡಿದು ಹೊರೆ ಹೊತ್ತವರು? ನಮ್ಮಜ್ಜಿ ಹೊತ್ತಿದಾಳೆ. ಅಂಗಳದಾಚೆ ಹೊರೆ ಇಳಿಸಿ, ಮೇಲಿಂದ ಸುರಿದ ನೀರನ್ನ ಬೊಗಸೆಯಲ್ಲಿ ಕುಡಿದು ಬಂದಿದಾಳೆ. ಅವಳ ಹೆಸರು ಯಾವ ಕಾಗದದಲ್ಲಿದೆ?

1951ರಲ್ಲಿ ಪಕ್ಕದ ಸಾಗರದ ಕಾಗೋಡಿನಲ್ಲಿ ದೀವರ ಗೇಣಿದಾರರು ತಿರುಗಿ ಬಿದ್ರು. 1974ರ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಭೂಮಿ ಸಿಕ್ತು. ಅದು ದೊಡ್ಡ ಗೆಲುವೇ, ಅದಕ್ಕೆ ನನ್ನ ಸಲಾಂ. ಆದ್ರೆ ಗೇಣಿಯೂ ಇಲ್ಲದೆ ಬರೀ ಕೂಲಿಗೆ ದುಡಿದ ನಮ್ಮವರಿಗೆ ಏನು ಸಿಕ್ತು? ಕಾಡಂಚಲ್ಲಿ ಗುಡಿಸಲು ಹಾಕಿಕೊಂಡ್ರೆ 'ಅತಿಕ್ರಮಣದಾರ' ಅನ್ನೋ ಬಿರುದು!

2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂತು. ಪರಿಶಿಷ್ಟ ಪಂಗಡದವರಲ್ಲದಿದ್ರೆ, ಅಂದ್ರೆ ದಲಿತರೂ ಸೇರಿ, ಮೂರು ತಲೆಮಾರು, 75 ವರ್ಷ ಕಾಡಿನಲ್ಲೇ ಇದ್ದು ಅದನ್ನೇ ನಂಬಿ ಬದುಕಿದ್ದಕ್ಕೆ ಸಾಕ್ಷಿ ಕೊಡಬೇಕು. ಅರ್ಜಿ ಹಿಡಿದು ಹೋದ್ರೆ ಕೇಳೋದು ಒಂದೇ: "ದಾಖಲೆ ಎಲ್ಲಿ?" ಸ್ವಾಮಿ, ದಾಖಲೆ ಬರೆಯೋ ಕೈ ಯಾರದಾಗಿತ್ತು? ನಮ್ಮ ಹೆಸರು ಬರೆಯದೇ ಇದ್ದವರ ಮೊಮ್ಮಕ್ಕಳೇ ಇವತ್ತು ನಮ್ಮ ಹೆಸರು ತೋರಿಸು ಅಂತಿದಾರೆ.

ಆದ್ರೆ ಗಮನಿಸಿ. ಅದೇ ಕಾಯ್ದೆಯ ನಿಯಮ 13 ಓದಿ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆ ಬರೆಸಿಕೊಟ್ರೆ ಅದೂ ಸಾಕ್ಷಿ. ಹಳೇ ಬಾವಿ, ಸಮಾಧಿ, ಗುಡಿಸಲು, ಹಾಕಿದ ಬದು, ಇವೂ ಸಾಕ್ಷಿ. ಇಂಥದ್ದೇ ಕಾಗದ ಬೇಕು ಅಂತ ಮೇಲಿನ ಸಮಿತಿಗಳು ಪಟ್ಟು ಹಿಡಿಯೋ ಹಾಗಿಲ್ಲ ಅಂತ 2012ರ ತಿದ್ದುಪಡಿಯೇ ಹೇಳುತ್ತೆ. ಇದನ್ನ ನಮ್ಮ ಕೇರಿಗಳಲ್ಲಿ ಎಷ್ಟು ಜನಕ್ಕೆ ಹೇಳಿದೀವಿ? ತಪ್ಪು ನಮ್ಮದೂ ಇದೆ.

ರೋಮಿನ ಚಿತ್ರಕ್ಕೆ ಲೈಕ್ ಒತ್ತಿ, ಬೇಡ ಅನ್ನಲ್ಲ. ಆದ್ರೆ ಈ ಭಾನುವಾರ ಒಂದು ನೋಟ್‌ಬುಕ್ ಹಿಡಿದು ನಿಮ್ಮ ಕೇರಿಯ ಅಜ್ಜ ಅಜ್ಜಿಯರ ಹತ್ರ ಕೂರಿ. ಯಾವ ವರ್ಷ ಎಲ್ಲಿದ್ರು, ಯಾವ ಬಾವಿಯ ನೀರು ಕುಡಿದ್ರು, ಯಾರನ್ನ ಎಲ್ಲಿ ಮಣ್ಣು ಮಾಡಿದ್ರು, ಎಲ್ಲಾ ಬರೆದು ಹೆಬ್ಬೆಟ್ಟು ಹಾಕಿಸಿ. ಅವರು ಹೋದ ಮೇಲೆ ಆ ಸಾಕ್ಷಿಯೂ ಹೋಗುತ್ತೆ.

ಬುಟ್ಟಿ ಹೊತ್ತವರ ಹೆಸರನ್ನ ಈ ಸಲ ನಾವೇ ಬರೆಯೋಣ.

ಜೈಭೀಮ್.